ಅಟ್ಟದ ಮೇಲಿನ ಬೇರಿಂಗು

ಮುತ್ತುರಾಜ ಕೈಯಿಟ್ಟರೆ ನಿಂತ ಮಿಷನ್ನು ಓಡುತ್ತದೆ ಎಂಬ ಮಾತು ಹೂಡಿ ಕಡೆಯ ಆ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಗೇಟಿನ ಕಾವಲಿನವರಿಂದ ಹಿಡಿದು ಕ್ಯಾಂಟೀನಿನಲ್ಲಿ ಅನ್ನ ಬಡಿಸುವವರ ತನಕ ಎಲ್ಲರ ಬಾಯಲ್ಲೂ ಇತ್ತು. ಅದೇ ಕಾರ್ಖಾನೆಯಲ್ಲಿ ಮಿಷನ್ನುಗಳ ಬಿಡಿಭಾಗದ ಸ್ಟೋರು ನೋಡಿಕೊಳ್ಳುತ್ತಿದ್ದ ಅವನ ಹೆಂಡತಿ ಶಾಂತಕುಮಾರಿಯ ವಿಷಯದಲ್ಲಿ ಇದ್ದ ಮಾತು ಬೇರೆ. ಆಯಮ್ಮನ ಕಿಟಕಿಗೆ ಹೋದರೆ ಕೈಗೆ ಸಾಮಾನು ಬರುವ ಮೊದಲು ಕಿವಿಗೆ ಬುದ್ಧಿಮಾತು ಬರುತ್ತದೆ, ಅನ್ನುತ್ತಿದ್ದರು. ಎರಡರಲ್ಲೂ ಸುಳ್ಳಿರಲಿಲ್ಲ.

ಇಬ್ಬರೂ ಒಂದೇ ಬೈಕಿನಲ್ಲಿ ಹೋಗಿ ಒಂದೇ ಬೈಕಿನಲ್ಲಿ ಬರುತ್ತಿದ್ದರು. ಮನೆ ಮಹದೇವಪುರದ ಹಳೇ ಊರೊಳಗೆ. ಸುತ್ತ ಗಾಜಿನ ಕಟ್ಟಡಗಳು ಎದ್ದು ನಿಂತು ಬಿಸಿಲನ್ನೆಲ್ಲ ಇವರ ಬೀದಿಗೇ ತಿರುಗಿಸುತ್ತಿದ್ದರೂ ಮನೆಯ ಒಳಗಿನ ದಿನಚರಿ ಮಾತ್ರ ಹಿಂದಿನದೇ. ಬೆಳಗ್ಗೆ ಅತ್ತೆ ಆಂಜನಮ್ಮ ಎದ್ದು ಬಾಗಿಲಿಗೆ ನೀರು ಹಾಕುವುದು, ಮಗಳು ಬೃಂದಾ ಕಾಲೇಜಿಗೆ ತಡವಾಯಿತೆಂದು ತಲೆ ಬಾಚಿಕೊಳ್ಳುತ್ತಲೇ ತಿಂಡಿ ತಿನ್ನುವುದು, ರಾತ್ರಿ ಎಲ್ಲರೂ ಅಡುಗೆಮನೆಯ ನೆಲದ ಮೇಲೆ ಸುತ್ತ ಕೂತು ಮುದ್ದೆ ಮುರಿಯುವುದು.

ಗಣೇಶನನ್ನು ನೀರಿಗೆ ಬಿಟ್ಟ ಮಾರನೆಯ ವಾರ ಆ ಸುತ್ತಿನೊಳಗೆ ಒಂದು ಹೊಸ ಮಾತು ಬಂತು.

"ಸ್ಟೋರಿನ ಮುಂದೆ ನೀಲಿ ಕ್ರೇಟ್ ಇಡ್ಸಿದ್ದಾರೆ ಲಿಖಿತ್ ಸಾರು," ಎಂದಳು ಶಾಂತಕುಮಾರಿ, ಗಂಡನ ತಟ್ಟೆಗೆ ಸಾರು ಬಿಡುತ್ತಾ. "ಯಾರ್ ಯಾರ ಹತ್ರ ಏನೇನ್ ಸ್ಪೇರ್ ಇದೆಯೋ ತಂದು ಅದರೊಳಗೆ ಹಾಕ್ಬಿಡ್ಬೇಕಂತೆ. ಲಾಕರ್‌ನಲ್ಲಿರೋದು, ಬ್ಯಾಗಲ್ಲಿರೋದು, ಮನೇಲಿರೋದು. ಹೆಸರು ಕೇಳಲ್ಲ, ಯಾಕೆ ಇಟ್ಕೊಂಡಿದ್ರಿ ಅಂತಾನೂ ಕೇಳಲ್ಲ. ದಸರಾ ಮುಗಿದು ತಿಂಗಳ ಕೊನೆವರ್ಗೂ ಟೈಮು."

"ಆಮೇಲೆ?"

"ಆಮೇಲೆ ಸಿಕ್ಕಿದ್ರೆ ಕಳ್ಳತನ."

ಮುತ್ತುರಾಜ ನಕ್ಕ. ಲಿಖಿತ್ ಮೇಂಟೆನೆನ್ಸಿಗೆ ಹೊಸದಾಗಿ ಬಂದ ಇಂಜಿನಿಯರು, ಮೆತ್ತಗೆ ಮಾತಾಡುವ ಮನುಷ್ಯ. "ಆ ಹುಡ್ಗ ಇನ್ನೂ ಮಿಷನ್ ನಿಂತಿರೋದನ್ನ ನೋಡಿಲ್ಲ ಬಿಡು. ನಿನ್ ಸ್ಟೋರು ಸರಿಯಾಗಿದ್ದಿದ್ರೆ ಯಾವನು ಬಚ್ಚಿಡ್ತಿದ್ದ?"

"ನೀವೆಲ್ಲ ಬಚ್ಚಿಡದೆ ಇದ್ದಿದ್ರೆ ನನ್ ಸ್ಟೋರು ಸರಿಯಾಗೇ ಇರ್ತಿತ್ತು."

"ಮುದ್ದೆ ಆರ್ತದೆ, ಇಬ್ರೂ ಮೊದ್ಲು ನುಂಗ್ರಪ್ಪ," ಎಂದಳು ಆಂಜನಮ್ಮ.

ಇದು ಆ ಕಾರ್ಖಾನೆಯ ಫಿಟ್ಟರುಗಳ ಹಳೇ ಚಾಳಿ. ಒಂದು ಬೇಕಾದ ಕಡೆ ಚೀಟಿಯಲ್ಲಿ ಎರಡು ಬರೆಯುವುದು, ಒಂದನ್ನು ಮಿಷನ್ನಿಗೆ ಹಾಕಿ ಇನ್ನೊಂದನ್ನು ಕಷ್ಟಕಾಲಕ್ಕೆಂದು ಅಡಗಿಸುವುದು. ಕಂಪ್ಯೂಟರಿನ ಕಣ್ಣಿಗೆ ಎರಡೂ ಖರ್ಚಾದವೇ. ಖಾಲಿಯಾಯಿತೆಂದು ಸ್ಟೋರಿನವರು ಮತ್ತೆ ತರಿಸುತ್ತಾರೆ. ಬರುವುದು ತಡ. ತಡವಾದಷ್ಟೂ ಫಿಟ್ಟರಿಗೆ ಭಯ, ಭಯವಾದಷ್ಟೂ ಅಡಗಿಸುವುದು ಹೆಚ್ಚು. ಮಳೆ ಕೈಕೊಡುತ್ತದಂತೆ ಎಂಬ ಸುದ್ದಿಗೇ ಊರವರೆಲ್ಲ ರಾಗಿಯನ್ನು ನೆಲದೊಳಗಿನ ಹಗೇವಿಗೆ ಸುರಿದು, ಸಂತೆಯಲ್ಲಿ ಒಂದು ಸೇರು ರಾಗಿ ಸಿಗದ ಹಾಗಾಗುತ್ತಿತ್ತಲ್ಲ, ಹಾಗೆ. ಕ್ಷಾಮವನ್ನು ಮಳೆ ತರುವ ಮೊದಲು ಊರವರೇ ತಂದುಕೊಂಡಿರುತ್ತಿದ್ದರು.

ಅಡುಗೆಮನೆಯ ಅಟ್ಟದ ಮೇಲೆ, ಅತ್ತೆಯ ಬಾಗಿನದ ಮೊರಗಳ ಹಿಂದೆ, ಗಂಡನ ಪೇಂಟ್ ಡಬ್ಬಗಳಿರುವುದು ಶಾಂತಕುಮಾರಿಗೆ ಗೊತ್ತಿತ್ತು. ಬೆಲ್ಟು, ರಬ್ಬರ್ ಸೀಲು, ಒಂದೆರಡು ಸ್ವಿಚ್ಚು ಇರಬಹುದು ಎಂದುಕೊಂಡಿದ್ದಳು. ಗೊತ್ತಿದ್ದೂ ಕತ್ತೆತ್ತಿ ನೋಡಿರಲಿಲ್ಲ. ಈಗ ನೋಡಿದಳು.

"ಅದನ್ನ ಇಳಿಸ್ರೀ. ನಾನೇ ಸ್ಟೋರಲ್ಲಿ ಕೂತಿರೋಳು. ನಮ್ಮನೇಲೇ ಸಿಕ್ಕಿದ್ರೆ ನಿಮ್ಮನ್ನ ಕಳ್ಳ ಅಂತಾರೆ, ನನ್ನ ಕಳ್ಳಿ ಅಂತಾರೆ. ಇಬ್ರ ಕೆಲ್ಸಾನೂ ಒಂದೇ ದಿನ ಹೋಗುತ್ತೆ."

"ಇಳಿಸೋಣ ಬಿಡು, ಹಬ್ಬ ಕಳೀಲಿ."

"ಅಪ್ಪಾ, ಹಿಂಗೆ ಬಚ್ಚಿಟ್ಟು ಕೂಡಿಡೋದಕ್ಕೆ ಹೋರ್ಡಿಂಗ್ ಅಂತಾರೆ," ಎಂದಳು ಬೃಂದಾ.

"ನಿನ್ನ ಕಾಲೇಜಲ್ಲಿ ಅನ್ನು ಹೋಗು. ನಮ್ಮಲ್ಲಿ ಇದಕ್ಕೆ ಮುಂಜಾಗ್ರತೆ ಅಂತಾರೆ."

ನೀಲಿ ಕ್ರೇಟು ಮೊದಲ ದಿನಗಳಲ್ಲಿ ಬರಿದಾಗಿಯೇ ಇತ್ತು. ಕೊನೆಗೆ ಶಿವಾಜಿನಗರದಿಂದ ಬರುತ್ತಿದ್ದ ಫಿಟ್ಟರು ಗಯಾಜ್ ಒಂದು ಗೋಣಿಚೀಲ ಹೊತ್ತು ತಂದು, ಎಲ್ಲರೂ ನೋಡುತ್ತಿರುವಾಗಲೇ ದಡದಡ ಸುರಿದ.

"ತಗೊಳ್ಳಿ ಅಕ್ಕ, ನನ್ನ ಪಾಪ ಎಲ್ಲಾ ಇಲ್ಲೇ ಇದೆ. ಇನ್ ಮೇಲೆ ಬೆಲ್ಟ್ ಕೇಳಿದ್ರೆ ಅವತ್ತೇ ಕೊಡ್ಬೇಕು ನೀವು, ನಾಳೆ ಬಾ ಅಂದ್ರೆ ಮತ್ತೆ ಶುರು ಮಾಡ್ಕೋತೀನಿ."

ಅವನ ಹಿಂದೆ ಉಳಿದವರೂ ತಂದರು. ಊಟದ ಡಬ್ಬಿಯಲ್ಲಿ, ಹೆಲ್ಮೆಟ್ಟಿನೊಳಗೆ, ಮಕ್ಕಳ ಸ್ಕೂಲ್ ಬ್ಯಾಗಿನಲ್ಲಿ. ಶಾಂತಕುಮಾರಿಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಇವೇ ಸಾಮಾನುಗಳಿಗಾಗಿ ಅವಳು ಅಂಗಡಿಯವರ ಹಿಂದೆ ಬಿದ್ದು ಫೋನಿನಲ್ಲಿ ಗಂಟಲು ಹರಿದುಕೊಂಡಿದ್ದಳು. ಎಲ್ಲರೂ ತಂದರೂ ಮುತ್ತುರಾಜ ತರಲಿಲ್ಲ. ಕ್ರೇಟಿನ ಪಕ್ಕದಲ್ಲೇ ಸಿಳ್ಳೆ ಹಾಕಿಕೊಂಡು ಓಡಾಡುತ್ತಿದ್ದ.

ಅಷ್ಟರಲ್ಲಿ ದೊಡ್ಡ ಮಿಷನ್ನು ನಿಂತಿತು. ಕಾಗದವನ್ನು ಅಲೆಅಲೆಯಾಗಿ ಮಡಿಸುವ ಬಿಸಿ ರೋಲರಿನ ಬೇರಿಂಗು ಕಿರುಚತೊಡಗಿ, ಒಂದು ಇಡೀ ಮಧ್ಯಾಹ್ನ ಕೆಲಸ ಕೆಟ್ಟಿತು. ದೀಪಾವಳಿಯ ಸಿಹಿತಿಂಡಿ ಪೆಟ್ಟಿಗೆಗಳ ಆರ್ಡರು ತಲೆಯ ಮೇಲೆ ಕೂತಿತ್ತು. ಆ ಬೇರಿಂಗು ಈ ದೇಶದಲ್ಲಿ ಸಿಗುವುದಲ್ಲ, ಹೊರಗಿನಿಂದ ಬರಬೇಕು. ಸ್ಟೋರಿನಲ್ಲಿ ಒಂದೂ ಇರಲಿಲ್ಲ. ಮುತ್ತುರಾಜ ಹಳೇ ಬೇರಿಂಗನ್ನೇ ಬಿಚ್ಚಿ, ತೊಳೆದು, ಗ್ರೀಸು ತುಂಬಿ, ರೋಲರಿನ ವೇಗ ಇಳಿಸಿ ಹೇಗೋ ಓಡಿಸಿದ. ಎಲ್ಲರೂ ಅವನ ಬೆನ್ನು ತಟ್ಟಿದರು.

ಮಾರನೆಯ ದಿನ ಬೆಳಗಿನ ಮೀಟಿಂಗಿನಲ್ಲಿ ನಿಂತು ಉತ್ತರ ಹೇಳಬೇಕಾದವಳು ಶಾಂತಕುಮಾರಿ.

"ಮೇಡಂ, ಇಷ್ಟು ಮುಖ್ಯವಾದ ಪಾರ್ಟು, ಝೀರೋ ಸ್ಟಾಕ್. ಹೆಡ್ ಆಫೀಸಿಗೆ ನಾನು ಏನಂತ ಹೇಳ್ಲಿ?" ಲಿಖಿತ್ ದನಿ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

"ಆರ್ಡರ್ ಹಾಕಿದ್ದೀನಿ ಸಾರ್. ಹಡಗಲ್ಲಿದೆ ಅಂದ್ರು."

"ಯುಗಾದಿಯಿಂದ ಹಡಗಲ್ಲೇ ಇದೆಯಲ್ಲ ಮೇಡಂ."

ಯಾರೋ ಕಿಸಕ್ಕೆಂದರು. "ಕಳೆದ ಸಲ ಎರಡು ಬಂದಿದ್ವು, ಎರಡೂ ಖರ್ಚಾಗಿವೆ ಸಾರ್," ಎಂದಳು. "ಖರ್ಚಾಗುತ್ತೆ ಅಂತ ಮೊದ್ಲೇ ಅಂದಾಜು ಇರ್ಬೇಕಲ್ವಾ? ಅದಕ್ಕೇ ತಾನೆ ಸ್ಟೋರು?" ಎಂದ ಅವನು. ಗಂಡ ಕಂಬಕ್ಕೆ ಒರಗಿ ನಿಂತು ತನ್ನ ಉಗುರಿನ ಗ್ರೀಸು ನೋಡಿಕೊಳ್ಳುತ್ತಿದ್ದ.

ಆ ಸಂಜೆ ಅವಳು ಸೊಪ್ಪು ಬಿಡಿಸುತ್ತಾ ಕೂತಲ್ಲೇ ಅತ್ತಳು. "ಹೆಡ್ ಆಫೀಸಿಗೆ ನನ್ನ ಹೆಸರು ಬರ್ದಿದ್ದಾರಂತೆ ಅತ್ತೆ. ಇನ್ನೊಂದು ಸಲ ಹಿಂಗಾದ್ರೆ ಬೇರೆ ಯಾರನ್ನಾದ್ರೂ ಕೂರಿಸ್ತಾರೆ."

"ಅದೇನ್ ನೀನೇ ನುಂಗಿದ್ಯಾ ಆ ಬೇರಿಂಗ? ಲೇ ಮುತ್ತು, ನೀನಾರ ಒಂದ್ ಮಾತ್ ಹೇಳ್ಬಾರ್ದಾ ಆಯಪ್ಪಂಗೆ?"

"ಆಫೀಸ್ ವಿಷ್ಯ ಮನೇಗ್ ತರ್ಬೇಡಿ," ಎಂದ ಮುತ್ತುರಾಜ. ರಾತ್ರಿ ಊಟಕ್ಕೆ ಕೂತವನು ಒಂದು ಮುದ್ದೆಗೇ ಕೈ ತೊಳೆದು ಎದ್ದ.

ಆಯುಧಪೂಜೆಯ ಹಿಂದಿನ ದಿನ ಕಾರ್ಖಾನೆಯಲ್ಲಿ ಪೂಜೆ. ಮಿಷನ್ನುಗಳಿಗೆ ಬಾಳೆಕಂಬ ಕಟ್ಟಿ, ಬೂದುಗುಂಬಳ ಒಡೆದು, ಕಡಲೆಪುರಿ ಹಂಚಿ ಮಧ್ಯಾಹ್ನಕ್ಕೇ ಬಿಟ್ಟರು. ಮುತ್ತುರಾಜನಿಗೆ ಇನ್ನೂ ಕೆಲಸವಿತ್ತು. ಶಾಂತಕುಮಾರಿ ಒಬ್ಬಳೇ ಬಸ್ಸಿನಲ್ಲಿ ಬಂದಳು. ಮನೆಯಲ್ಲಿ ಅಡುಗೆಮನೆಯ ಸಾಮಾನೆಲ್ಲ ಹೊರಗೆ ಬಿದ್ದಿತ್ತು. ಅಟ್ಟ ಬರಿದಾಗಿತ್ತು. ಮಹಡಿಯ ಮೇಲಿನಿಂದ ಅತ್ತೆಯ ದನಿ ಕೇಳಿತು.

"ಬಂದ್ಯಾ ಶಾಂತಾ? ಬಾ, ಬಂದ್ ನೋಡು ಹೆಂಗೆ ಹೊಳೀತವೆ!"

ಮಹಡಿಯಲ್ಲಿ ಹಳೇ ಚಾಪೆಯ ಮೇಲೆ ಸಾಲಾಗಿ ಇಟ್ಟಿದ್ದರು. ಸ್ವಿಚ್ಚುಗಳು, ಸ್ಪ್ರಿಂಗುಗಳು, ಚೈನು, ಸುತ್ತಿಟ್ಟ ಬೆಲ್ಟುಗಳು. ಒಂದೊಂದಕ್ಕೂ ಅರಿಶಿನ ಕುಂಕುಮ. ನಟ್ಟನಡುವೆ, ಊಟದ ತಟ್ಟೆಯಷ್ಟಗಲದ ಒಂದು ಬೇರಿಂಗು. ಅದರ ಒಳಗಿನ ಹಿತ್ತಾಳೆಯ ಬಳೆ ದೇವರ ದೀಪದ ಹಾಗೆ ಫಳಫಳ ಹೊಳೆಯುತ್ತಿತ್ತು. ಸುತ್ತ ಚೆಂಡುಹೂವಿನ ಹಾರ, ಮೇಲೊಂದು ನಿಂಬೆಹಣ್ಣು.

"ಎಣ್ಣೆ ಕಾಗ್ದದಲ್ಲಿ ಸುತ್ತಿ ಡಬ್ಬದೊಳ್ಗೆ ಇಟ್ಟಿದ್ದ ಕಣಮ್ಮಾ. ಕರೀ ಜಿಡ್ಡು ಅಂದ್ರೆ ಜಿಡ್ಡು! ನನ್ ಮಗಂಗೆ ಅನ್ನ ಕೊಡೋ ಸಾಮಾನು, ಹಂಗೆ ಕೊಳಕಾಗಿರ್ಬೋದಾ? ಹಿತ್ತಾಳೆ ಕಾಣ್ತು, ಹುಣಸೇಹಣ್ಣು ಹಾಕಿ ಉಜ್ಜಿ ಉಜ್ಜಿ ತೊಳ್ದೆ. ಸೀಗೆಪುಡೀನೂ ಹಾಕ್ದೆ. ಬೆಳಗಿಂದ ಬಿಸ್ಲಲ್ಲಿ ಒಣಗ್ತದೆ."

"ನಾನು ಪೈಪ್ ಹಿಡ್ಕೊಂಡಿದ್ದೆ ಅಷ್ಟೇ," ಎಂದಳು ಬೃಂದಾ, ತಾಯಿಯ ಮುಖ ನೋಡಿ.

ಶಾಂತಕುಮಾರಿ ಕೂತು ನಿಂಬೆಹಣ್ಣನ್ನು ತೆಗೆದಿಟ್ಟಳು. ಅಂಚಿನ ಮೇಲೆ ಕೊರೆದ ನಂಬರನ್ನು ಓದುವ ಅಗತ್ಯವೇ ಇರಲಿಲ್ಲ, ಆದರೂ ಓದಿದಳು. ಯುಗಾದಿಯಿಂದ ಹಡಗಿನಲ್ಲಿದ್ದ ನಂಬರು. ಬೆರಳಿಟ್ಟು ತಿರುಗಿಸಿದಳು. ಕರಕರ ಅಂದಿತು. ಒಳಗಿನ ಉಕ್ಕಿನ ಸಣ್ಣ ರೋಲರುಗಳ ಮೈಮೇಲೆ ಹುಣಸೆಯ ಹುಳಿ ಆಗಲೇ ಕಪ್ಪು ಕಲೆ ಮಾಡಿತ್ತು, ಅದರ ಸುತ್ತ ಕೆಂಪನೆಯ ತುಕ್ಕು ಸಣ್ಣಗೆ ಏಳುತ್ತಿತ್ತು. ಸಂದುಗಳಲ್ಲೆಲ್ಲ ಅರಿಶಿನ.

"ಯಾಕಮ್ಮಾ, ತಪ್ಪಾಯ್ತಾ?" ಎಂದಳು ಆಂಜನಮ್ಮ. ಸೊಸೆ ಆ ಕಲೆಗಳನ್ನೇ ಬೆರಳಿನಿಂದ ಉಜ್ಜುವುದು ಕಂಡು ಅವಳ ಮುಖ ಸಣ್ಣದಾಯಿತು.

ಮುತ್ತುರಾಜ ಬಂದವನು ಮೆಟ್ಟಿಲ ಕೊನೆಯಲ್ಲೇ ನಿಂತುಬಿಟ್ಟ. ಚಾಪೆ ನೋಡಿದ, ಬೇರಿಂಗು ನೋಡಿದ, ಆಮೇಲೆ ತಾಯಿಯನ್ನು.

"ಯಾರಮ್ಮಾ ನಿಂಗೆ ಅಟ್ಟಕ್ಕೆ ಕೈ ಹಾಕು ಅಂದೋರು? ಯಾರು ಅಂದೋರು? ಅದನ್ನ ನೀರಲ್ಲಿ ತೊಳೀತಾರಾ ಯಾರಾದ್ರೂ? ಹೊಸಾ ಪೀಸು! ಲೋಕದಲ್ಲಿ ಯಾರಾದ್ರೂ ಬೇರಿಂಗಿಗೆ ಹುಣಸೇಹಣ್ಣು ಹಚ್ತಾರಾ?"

"ನಂಗೇನ್ ಗೊತ್ತು, ಒಳ್ಳೇ ಬಾವಿ ರಾಟೆ ಹಂಗಿತ್ತು..."

"ಅವ್ರನ್ನ ಬೈಬೇಡಿ," ಎಂದಳು ಶಾಂತಕುಮಾರಿ. ಎದ್ದು ನಿಂತಿದ್ದಳು. "ನನ್ ಕಡೆ ತಿರುಗ್ರಿ. ಇದು ಯಾವಾಗಿಂದ ಇದೆ ಇಲ್ಲಿ?"

ಅವನು ಚಪ್ಪಲಿ ಬಿಡಲು ಬಗ್ಗಿದ.

"ಎರಡು ಬರ್ಸಿದ್ರಿ. ಒಂದು ಹಾಕಿ ಒಂದು ತಂದಿಟ್ರಿ. ಹೌದಾ? ಲಾಕರ್ ಚೆಕ್ ಮಾಡ್ತಾರೆ ಅಂತ ಬೈಕಿನ ಪೆಟ್ಟಿಗೇಲಿ ಹಾಕ್ಕೊಂಡ್ ಬಂದ್ರಿ. ನಾನು ಹಿಂದೆ ಕೂತಿದ್ನಾ ಅವತ್ತು?"

"ಲೈನ್ ನಿಂತ್ರೆ ಎಲ್ಲಿಂದ ತರೋದು ಅಂತ..."

"ನಿಂತಿತ್ತಲ್ಲ! ಹೋದ ವಾರ ನಿಂತಿತ್ತಲ್ಲ! ಅವತ್ತು ಯಾಕೆ ಕೊಡ್ಲಿಲ್ಲ?"

"ಹಳೇದು ಇನ್ನೂ ಸ್ವಲ್ಪ ದಿನ ಓಡುತ್ತೆ ಅಂತ ನಂಗೆ ಗೊತ್ತಿತ್ತು. ದೀಪಾವಳಿ ಹತ್ರ ಪೂರ್ತಿ ಕೈ ಕೊಟ್ರೆ ಅವಾಗ್ ಹಾಕೋಣ ಅಂತ ಇಟ್ಕೊಂಡಿದ್ದೆ. ಅಲ್ದೇ ಆ ಕ್ರೇಟ್ ಬೇರೆ ಬಂತು. ಎಲ್ಲಿತ್ತು ಇದು ಅಂದ್ರೆ ಏನ್ ಹೇಳ್ಲಿ?"

"ನನ್ನ ಅಷ್ಟು ಜನರ ಮುಂದೆ ನಿಲ್ಸಿ ಕೇಳೋವಾಗ ಕಂಬಕ್ಕೆ ಒರಗ್ಕೊಂಡಿದ್ರಲ್ರೀ. ಮನೆಗೆ ಬಂದು ಸೊಪ್ಪು ಬಿಡಿಸ್ತಾ ನಿಮ್ಮೆದುರಿಗೇ ಅತ್ತಿದ್ದೀನಿ. ತಲೆ ಮೇಲೆ ಇದನ್ನ ಇಟ್ಕೊಂಡು ಮುದ್ದೆ ನುಂಗ್ತಿದ್ರಾ?"

ಪಕ್ಕದ ಮನೆಯ ಮಹಡಿಯಲ್ಲಿ ಬಟ್ಟೆ ಎತ್ತುತ್ತಿದ್ದವರು ಒಳಗೆ ಹೋದರು. ಬೃಂದಾ ಹಾರವನ್ನು ಕೈಗೆ ಸುತ್ತಿಕೊಳ್ಳುತ್ತಾ ಬಿಚ್ಚುತ್ತಾ ನಿಂತಿದ್ದಳು.

ಹಬ್ಬದ ದಿನ ಒಬ್ಬಟ್ಟು ಮಾಡಿದರು, ತಿನ್ನುವವರಿರಲಿಲ್ಲ. ರಜೆ ಮುಗಿದ ಮೇಲೆ ಶಾಂತಕುಮಾರಿ ಬೈಕು ಹತ್ತಲಿಲ್ಲ. ಬೆಳಗ್ಗೆ ಬಸ್‌ಸ್ಟಾಪಿಗೆ ನಡೆದುಹೋಗಿ ನಿಲ್ಲುತ್ತಿದ್ದಳು. ಅವನು ಸ್ವಲ್ಪ ದೂರದಲ್ಲಿ ಬೈಕು ನಿಲ್ಲಿಸಿಕೊಂಡು ಕಾದು, ಅವಳು ಬಸ್ಸು ಹತ್ತಿದ ಮೇಲೆ ಅದರ ಹೊಗೆ ಕುಡಿಯುತ್ತಾ ಹಿಂದೆಯೇ ಬರುತ್ತಿದ್ದ. ಕಾರ್ಖಾನೆಯವರು ಇದನ್ನೂ ನೋಡಿದರು. "ಏನ್ ಗುರು, ಬಸ್ಸಿಗೆ ಎಸ್ಕಾರ್ಟಾ?" ಎಂದ ಗಯಾಜ್. ಮುತ್ತುರಾಜ ನಗಲಿಲ್ಲ. ಅವನನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿಕೊಂಡ.

ಮನೆಯಲ್ಲಿ ಆಂಜನಮ್ಮ ಒಲೆಯ ಮುಂದೆ ತನ್ನಷ್ಟಕ್ಕೆ ಮಾತಾಡುತ್ತಿದ್ದಳು. "ಬಚ್ಚಿಟ್ಟೋನು ದೊಡ್ಡ ಮನ್ಸ, ತೊಳ್ದೋಳು ಪಾಪಿ. ಒಂದ್ ಮಾತು ಹೇಳಿದ್ರೆ ನಾನ್ಯಾಕೆ ಮುಟ್ತಿದ್ದೆ? ಈ ಮನೇಲಿ ಯಾರೂ ಯಾರ್ಗೂ ಏನೂ ಹೇಳಲ್ಲ."

ಶಿವಾಜಿನಗರದಲ್ಲಿ ಬೇರಿಂಗುಗಳ ಜಾತಕ ಬಲ್ಲ ಹಳಬರೊಬ್ಬರಿದ್ದಾರೆ, ತೋರಿಸಿ ನೋಡಿ ಎಂದಿದ್ದ ಗಯಾಜ್. ಭಾನುವಾರ ಮುತ್ತುರಾಜ ಬೇರಿಂಗನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ ಹೊರಟಾಗ ಶಾಂತಕುಮಾರಿ ಚಪ್ಪಲಿ ಮೆಟ್ಟಿಕೊಂಡಳು.

"ನೀನ್ಯಾಕೆ?"

"ಅದರ ಜತೆ ನಿಮ್ಮೊಬ್ರನ್ನೇ ಕಳ್ಸಲ್ಲ."

ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದೆ ಕೂತಳು. ದಾರಿಯುದ್ದಕ್ಕೂ ಅದು ಅವಳ ತೊಡೆಯನ್ನು ಒತ್ತುತ್ತಿತ್ತು.

ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಫಹೀಮ್ ಸಾಹೇಬರ ಅಂಗಡಿ. ಕುರಿಮಾಂಸದ ವಾಸನೆ, ಡೀಸೆಲ್ ವಾಸನೆ ಒಂದರೊಳಗೊಂದು ಬೆರೆತಿದ್ದವು. ಅವರು ಟವೆಲ್ಲು ಬಿಚ್ಚಿ ನೋಡಿದವರೇ ಕನ್ನಡಕ ಹಣೆಗೇರಿಸಿದರು.

"ಅರೆ, ಇದಕ್ಕೆ ಹಲ್ದಿ ಫಂಕ್ಷನ್ ಆಗಿದೆಯಲ್ಲ! ಮದ್ವೆ ಯಾವಾಗ?"

ಅವರು ಸೀಮೆಎಣ್ಣೆಯಲ್ಲಿ ಅದ್ದಿ, ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಕಿವಿಯ ಹತ್ತಿರ ಹಿಡಿದು ತಿರುಗಿಸಿದರು. ತಲೆಯಾಡಿಸಿದರು.

"ಆಗಲ್ಲಮ್ಮ. ಹುಳಿ ಉಕ್ಕನ್ನ ತಿಂದಿದೆ. ಹಾಕಿದ್ರೆ ಇದೂ ಹೋಗುತ್ತೆ, ರೋಲನ್ನೂ ಕರ್ಕೊಂಡ್ ಹೋಗುತ್ತೆ."

"ಗುಜರಿಗಾದ್ರೂ ಇಟ್ಕೊಳ್ಳಿ ಸಾಬ್ರೇ," ಎಂದ ಮುತ್ತುರಾಜ.

"ಬಿಲ್ ಇದೆಯಾ? ಕಂಪ್ನಿ ಲೆಟರು?"

ಇರಲಿಲ್ಲ.

"ಹಂಗಾದ್ರೆ ನಂಗೂ ಬೇಡ ಬೇಟಾ. ಎಲ್ಲಿಂದ ಬಂತೋ ಅಲ್ಲಿಗೇ ಕೊಡಿ." ಟವೆಲ್ಲಿನಲ್ಲಿ ತಾವೇ ಸುತ್ತಿ ಶಾಂತಕುಮಾರಿಯ ಕೈಗಿತ್ತರು, ಬಾಣಂತಿಗೆ ಮಗು ಕೊಡುವ ಹಾಗೆ.

ಹಲಸೂರು ಕೆರೆಯ ಏರಿಯ ಪಕ್ಕ ಬಂದಾಗ ಮುತ್ತುರಾಜ ಬೈಕು ನಿಲ್ಲಿಸಿದ. ಕಂಬಿಯ ಆಚೆ ನೀರು ಹಸಿರಾಗಿ ಮಲಗಿತ್ತು.

"ಇಳಿ."

"ಯಾಕೆ?"

"ಕೊಡು ಇಲ್ಲಿ. ಕೆರೆಗ್ ಹಾಕ್ಬಿಡೋಣ. ಮಿಕ್ಕಿದ್ದೆಲ್ಲ ಕ್ರೇಟಿಗೆ ಹಾಕ್ತೀನಿ, ಆಣೆಗೂ. ಇದೊಂದು ಬೇಡ ಶಾಂತಾ. ಹಡಗಿಂದು ಬರುತ್ತೆ. ಲೆಕ್ಕದಲ್ಲಿ ಇದು ಖರ್ಚಾಗಿ ಎಷ್ಟೋ ದಿನ ಆಯ್ತು. ಯಾರ್ಗೂ ಗೊತ್ತಾಗಲ್ಲ."

ಅವಳು ಚೀಲವನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡಳು.

"ಇಲ್ಲಿವರ್ಗೂ ನೀವು ಬಚ್ಚಿಟ್ಟಿದ್ದೀರ, ಅಷ್ಟೇ. ನೀರಿಗ್ ಹಾಕಿದ್ರೆ ಕದ್ದಂಗೆ."

"ನನ್ ಮರ್ಯಾದೆ ಏನಾಗ್ಬೇಕು? ಮುತ್ತುರಾಜ ಬೇರಿಂಗ್‌ನ ಹುಣಸೇಹಣ್ಣಲ್ಲಿ ತೊಳ್ಸಿದ ಅಂತ ಊರೆಲ್ಲ ನಗಲಿ ಅಂತೀಯಾ?"

"ನಗಲಿ. ನನ್ನ ನೋಡಿ ಆಗ್ಲೇ ನಕ್ಕಾಯ್ತು."

ಹಿಂದೆ ಒಂದು ಬಸ್ಸು ಹಾರ್ನು ಬಾರಿಸುತ್ತಲೇ ಇತ್ತು. ಅವನು ಕಂಬಿಯನ್ನೊಮ್ಮೆ ಕೈಯಿಂದ ಗುದ್ದಿ ಬೈಕು ಹತ್ತಿದ.

ಕೊನೆಯ ದಿನ ಬೆಳಗ್ಗೆ ಮುತ್ತುರಾಜ ತಾನೇ ಡಬ್ಬಗಳನ್ನು ಹೊತ್ತು ತಂದ. ಇನ್ನೂ ಶಿಫ್ಟಿನವರೆಲ್ಲ ಬಂದಿರಲಿಲ್ಲ. ಕ್ರೇಟಿನ ತಳಕ್ಕೆ ಬೇರಿಂಗು, ಅದರ ಮೇಲೆ ಬೆಲ್ಟು, ಅದರ ಮೇಲೆ ಉಳಿದದ್ದು. ಕಿಟಕಿಯ ಒಳಗಿದ್ದ ಹೆಂಡತಿಯ ಕಡೆ ನೋಡದೆ ಹೊರಟುಹೋದ. ಶಾಂತಕುಮಾರಿಗೆ ಉಸಿರು ಬಂದಂತಾಯಿತು. ಕೊಟ್ಟದ್ದಾಯಿತು. ಯಾರೂ ಕೇಳುವುದಿಲ್ಲ. ಮುಗಿಯಿತು.

ಊಟದ ಹೊತ್ತು ಕಳೆದು ಲಿಖಿತ್ ಫಿಟ್ಟರುಗಳನ್ನೆಲ್ಲ ಕರೆಸಿ, ಅವರೆದುರಿಗೇ ಕ್ರೇಟು ಬಿಡಿಸತೊಡಗಿದ. ಒಂದೊಂದನ್ನು ಎತ್ತಿ ಮೇಜಿನ ಮೇಲಿಡುತ್ತಾ ತಮಾಷೆ ಮಾಡುತ್ತಿದ್ದ. ತಳಕ್ಕೆ ಬಂದಾಗ ಎರಡೂ ಕೈ ಹಾಕಿ ಎತ್ತಿದ. ಸಂದಿನಲ್ಲಿ ಉಳಿದಿದ್ದ ಅರಿಶಿನ ಕಂಡು, "ಯಾರಪ್ಪಾ ಇದು, ಪೂಜೆ ಬೇರೆ ಮಾಡಿದ್ದೀರ?" ಎಂದು ನಕ್ಕ. ಎಲ್ಲರೂ ನಕ್ಕರು. ಆಮೇಲೆ ನಂಬರು ಓದಿದ. ನಗು ನಿಂತಿತು.

"ಇದು... ಇತ್ತಾ?"

ಗಯಾಜ್ ನೆಲ ನೋಡಿದ. ಮುತ್ತುರಾಜ ಉಗುರು ನೋಡಿಕೊಂಡ.

"ನಾನು ಮಾತು ಕೊಟ್ಟಿದ್ದೀನಿ, ಕೇಳಲ್ಲ," ಎಂದ ಲಿಖಿತ್. ಅವನ ಕಿವಿ ಕೆಂಪಾಗಿತ್ತು. ಬೇರಿಂಗನ್ನು ಮೆಲ್ಲಗೆ ಕೆಳಗಿಟ್ಟು ಕಿಟಕಿಯ ಕಡೆ ತಿರುಗಿದ. "ಆದ್ರೆ ಒಂದು ಮಾತು ಎಲ್ಲರೆದುರು ಹೇಳ್ಬೇಕು. ಮೇಡಂ, ಅವತ್ತು ಮೀಟಿಂಗಲ್ಲಿ ನಾನು ನಿಮ್ಮನ್ನ ಅಂದೆ. ಹೆಡ್ ಆಫೀಸಿಗೂ ಬರ್ದೆ. ತಪ್ಪು ನಿಮ್ದಲ್ಲ. ಯಾರೋ ಬಚ್ಚಿಟ್ಟು ನೀವು ಮಾತು ಕೇಳೋ ಹಂಗಾಯ್ತು. ಸಾರಿ. ಇವತ್ತೇ ಆಫೀಸಿಗೆ ತಿದ್ದಿ ಬರೀತೀನಿ."

ಎಲ್ಲರ ಕಣ್ಣೂ ಕಿಟಕಿಗೆ ತಿರುಗಿದವು. ಶಾಂತಕುಮಾರಿ ಇಷ್ಟು ವಾರ ಕಾದಿದ್ದದ್ದು ಈ ಮಾತಿಗೇ. ತಲೆ ತಗ್ಗಿಸಿ "ಇರ್ಲಿ ಸಾರ್" ಅಂದರೆ ಸಾಕಿತ್ತು. ಕಿಟಕಿಯೂ ಉಳಿಯುತ್ತಿತ್ತು, ಹೆಸರೂ ಉಳಿಯುತ್ತಿತ್ತು. ಬಾಯಿ ತೆರೆದಳು. ಮೇಜಿನ ಮೇಲಿನ ಅರಿಶಿನದ ಬೇರಿಂಗು ಕಣ್ಣಿಗೆ ಬಿತ್ತು.

"ಸಾರಿ ಕೇಳ್ಬೇಡಿ ಸಾರ್," ಎಂದಳು. "ಅದು ನಮ್ಮನೆ ಅಟ್ಟದ ಮೇಲಿತ್ತು. ತೊಳ್ದಿದ್ದು ನಮ್ಮತ್ತೆ."

ಗಯಾಜ್ ಮುತ್ತುರಾಜನ ಕಡೆ ತಿರುಗಿದ.

"ಇಟ್ಟಿದ್ದು ನಾನು," ಎಂದ ಮುತ್ತುರಾಜ. ದನಿ ಅವನದೆನ್ನಿಸಲಿಲ್ಲ. "ಆಯುಧಪೂಜೆವರ್ಗೂ ಅವ್ಳಿಗೆ ಗೊತ್ತಿರ್ಲಿಲ್ಲ ಸಾರ್."

ಲಿಖಿತ್ ಅವನನ್ನು ನೋಡಿದ, ಅವಳನ್ನು ನೋಡಿದ. "ಕೇಳಲ್ಲ ಅಂತ ಅಷ್ಟು ದೊಡ್ಡದಾಗಿ ಬೋರ್ಡ್ ಹಾಕ್ಸಿದ್ದೆ. ನೀವ್ಯಾಕ್ ಹೇಳಿದ್ರಿ?" ಎಂದ. ತನಗೇ ಯಾರೋ ಅನ್ಯಾಯ ಮಾಡಿದ್ದಾರೆ ಎಂಬಂತೆ.

ಕೊಟ್ಟ ಮಾತಿಗೆ ಅವನು ತಪ್ಪಲಿಲ್ಲ. ಕಳ್ಳತನವೆಂದು ಯಾರ ಹೆಸರೂ ಬರೆಯಲಿಲ್ಲ. ಆದರೆ ಸ್ಟೋರಿನ ಕಿಟಕಿಯ ಒಳಗೆ ಹೆಂಡತಿ, ಹೊರಗೆ ಗಂಡ ಇರುವುದು ಇನ್ನು ಬೇಡ ಎಂದು ಹೆಡ್ ಆಫೀಸಿನಿಂದ ಬಂತು. ಹಳೇ ಬೇರಿಂಗನ್ನು ಹಡಗು ಬರುವ ತನಕ ನಡೆಸಿಕೊಂಡು ಹೋಗಲು ಮುತ್ತುರಾಜ ಬೇಕು. ಹಾಗಾಗಿ ಏಳಬೇಕಾದವಳು ಶಾಂತಕುಮಾರಿ. ಅವಳನ್ನು ಪೆಟ್ಟಿಗೆ ತುಂಬಿದ ಲಾರಿಗಳನ್ನು ಕಳಿಸುವ ಕಡೆಗೆ ಹಾಕಿ, ಕಿಟಕಿಗೆ ಮೋನಿಷಾ ಎಂಬ ಹುಡುಗಿಯನ್ನು ಕೂರಿಸಿದರು. ಲಾರಿಗಳ ಹತ್ತಿರ ದಿನವೆಲ್ಲ ನಿಂತು ಶಾಂತಕುಮಾರಿಯ ಕಾಲುಗಳು ಊದತೊಡಗಿದವು.

"ಮಾಡ್ದೋನು ಅಲ್ಲೇ, ಹೇಳ್ದೋಳು ಬೀದೀಲಿ," ಎಂದಳು ಆಂಜನಮ್ಮ, ಸೊಸೆಯ ಕಾಲಿಗೆ ಬಿಸಿನೀರು ತಂದಿಟ್ಟು. "ಒಳ್ಳೇ ನ್ಯಾಯ."

"ಅಜ್ಜಿ, ಅಪ್ಪ ಇಲ್ಲೇ ಇದ್ದಾರೆ," ಎಂದಳು ಬೃಂದಾ.

"ಇರ್ಲಿ ಅಂತಾನೇ ಹೇಳಿದ್ದು."

ಮುತ್ತುರಾಜ ಈಗ ಒಂದೊಂದು ಸೀಲಿಗೂ ಮೋನಿಷಾಳ ಕಿಟಕಿಯ ಮುಂದೆ ಚೀಟಿ ಹಿಡಿದು ನಿಲ್ಲುತ್ತಿದ್ದ. ಮನೆಗೆ ಬಂದು ಅದರ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಕೂತಲ್ಲಿ ಕೂರುತ್ತಿರಲಿಲ್ಲ, ಟಿವಿ ಹಾಕಿ ಆರಿಸುವುದು, ಬೀದಿಗೆ ಹೋಗಿ ಬರುವುದು. ಶಾಂತಕುಮಾರಿ ಬೈಕಿನಲ್ಲಿ ಕೂರುತ್ತಿದ್ದಳು. ಬಸ್ಸಿಗೆ ನಿಲ್ಲುವ ಶಕ್ತಿ ಅವಳ ಕಾಲಿಗಿರಲಿಲ್ಲ.

ದೀಪಾವಳಿಗೆ ಹಿಂದಿನ ಭಾನುವಾರ ನಾಟಿಕೋಳಿ ಸಾರು ಮಾಡಿದ್ದರು. ಹಬ್ಬ ಕೆಟ್ಟುಹೋದ ಮೇಲೆ ಮನೆಯಲ್ಲಿ ಮನಸ್ಸಿಟ್ಟು ಮಾಡಿದ ಮೊದಲ ಅಡುಗೆ. ನಾಲ್ಕೂ ಜನ ಕೂತು ಇನ್ನೂ ಎರಡು ತುತ್ತು ಇಳಿದಿರಲಿಲ್ಲ, ಮುತ್ತುರಾಜನ ಫೋನು ಕೂಗಿತು. ಎಡಗೈಯಲ್ಲಿ ಹಿಡಿದು ಕೇಳಿಸಿಕೊಂಡ. ಲಿಖಿತ್‌ನ ದನಿ ಎಲ್ಲರಿಗೂ ಕೇಳುವಷ್ಟು ಜೋರಾಗಿತ್ತು. ಬೇರಿಂಗು ಪೂರ್ತಿ ಹೋಗಿತ್ತು. ಲೈನು ನಿಂತಿತ್ತು. ಏನಾದರೂ ಮಾಡಬಹುದೇ, ಎಲ್ಲಾದರೂ ಏನಾದರೂ ಇದೆಯೇ ಮುತ್ತುರಾಜ್, ಈಗ ಯಾರೂ ಏನೂ ಕೇಳುವುದಿಲ್ಲ.

"ಇಲ್ಲ ಸಾರ್," ಎಂದ ಮುತ್ತುರಾಜ. ಅಟ್ಟದ ಕಡೆ ನೋಡಿ, "ನನ್ ಹತ್ರ ಏನೂ ಇಲ್ಲ," ಎಂದ.

ಆ ಕಡೆ ಏನೋ ಹೇಳಿದರು. ಇವನು ಹೂಂ ಅಂದು ಫೋನಿಟ್ಟ.

"ಏನಂತೆ?" ಎಂದಳು ಶಾಂತಕುಮಾರಿ.

"ಬಾ ಅಂತಾನೆ. ಬರೀ ಕೈಲಿ ಹೋಗಿ ಏನ್ ಮಾಡ್ಲಿ ನಾನು? ಎಲ್ಲರೂ ಮುಖ ನೋಡ್ತಾರೆ."

"ಅದೇನ್ಲಾ ಬರೀ ಕೈ?" ಎಂದಳು ಆಂಜನಮ್ಮ. "ಎರಡು ಕೈ ಅವೆಯಲ್ಲ."

ಅವನು ಎದ್ದು ಕೈ ತೊಳೆದ. ಅಂಗಿ ಹಾಕಿಕೊಂಡ, ಗುಂಡಿ ತಪ್ಪಿ ಹಾಕಿ ಮತ್ತೆ ಬಿಚ್ಚಿ ಹಾಕಿದ. ಬಾಗಿಲಲ್ಲಿ ನಿಂತು, "ಈಗ ಹೋಗಿರೋದು, ಅದಕ್ಕೂ ಮೊದ್ಲು ಬಿಚ್ಚಿಟ್ಟಿದ್ದು, ಈ ಹಳೇ ಎರಡು ಬೇರಿಂಗಿಂದ ಒಳ್ಳೇ ರೋಲರ್ ಆರಿಸಿ ಒಂದು ಮಾಡೋಕಾಗುತ್ತಾ ನೋಡ್ತೀನಿ," ಎಂದ. "ಆಗ್ದೇನೂ ಇರ್ಬೋದು." ಯಾರಿಗೆ ಹೇಳಿದನೋ. ಬೈಕಿನ ಸದ್ದು ಬೀದಿಯ ತಿರುವಿನ ತನಕ ಕೇಳಿಸಿತು.

ಆಂಜನಮ್ಮ ಪಾತ್ರೆಯೊಳಗೆ ಸೌಟು ಆಡಿಸಿ ಕೋಳಿಯ ಕಾಲನ್ನು ಹುಡುಕಿ ತೆಗೆದು ಮಗನಿಗೆಂದು ಬಟ್ಟಲಿಗೆ ಹಾಕಿದಳು. ಬೃಂದಾ ನೋಡುತ್ತಿರುವುದು ಕಂಡು, ಬಟ್ಟಲನ್ನು ಸೆರಗಿನ ಮರೆಗೆ ಹಿಡಿದು ಎದ್ದು ಬೀರುವಿನ ಕಡೆ ನಡೆದಳು.

"ಎತ್ತಿಡಿ ಅತ್ತೆ, ಬೇಡ ಅನ್ನಲ್ಲ," ಎಂದಳು ಶಾಂತಕುಮಾರಿ. "ಎದುರಿಗೇ ಇಡಿ."

"ಎದುರಿಗಿಟ್ರೆ ಉಳೀತದಾ?"

ಶಾಂತಕುಮಾರಿಗೆ ಅದು ಗೊತ್ತಿರಲಿಲ್ಲ. ಎದ್ದುಹೋಗಿ ಅತ್ತೆಯ ಕೈಯಿಂದ ಬಟ್ಟಲು ಇಸಿದುಕೊಂಡು ಬಂದು ಮೂವರ ತಟ್ಟೆಗಳ ನಡುವೆ ಇಟ್ಟಳು. ಮುಚ್ಚಳ ಹಾಕಲಿಲ್ಲ. ಕೂತಳು. ಬೃಂದಾ ತನ್ನ ತಟ್ಟೆ ನೋಡಿಕೊಂಡು ಮುದ್ದೆ ಮುರಿದಳು.